ಶುಶ್ರೂಷೆ

'ಶುಶ್ರೂಷೆ' ಎಂಬ ಮಾತನ್ನು ನಾವೆಲ್ಲರೂ ಬಳಸುತ್ತೇವೆ. ರೋಗಿಯ ಆರೈಕೆಗೆ ಆ ಹೆಸರು. ಆದರೆ ಸಂಸ್ಕೃತದಲ್ಲಿ ಆ ಶಬ್ದದ ಮೊದಲ ಅರ್ಥ 'ಕೇಳಬೇಕೆಂಬ ಇಚ್ಛೆ' ಎಂಬುದು ಕನ್ನಡ ತರಗತಿಯಲ್ಲಿ ತಿಳಿದಾಗ ನನಗೆ ಆಶ್ಚರ್ಯವೇ ಆಯಿತು. 'ಶ್ರು' ಎಂದರೆ ಕೇಳು. ಶ್ರವಣ, ಶ್ರುತಿ, ಶ್ರೋತೃ ಎಲ್ಲವೂ ಆ ಧಾತುವಿನ ಮಕ್ಕಳು. ಶುಶ್ರೂಷೆಯೂ ಅದರ ಮಗಳೇ. ಗುರುವಿನ ಮಾತನ್ನು ಕೇಳಲು ಬಯಸಿ ಬಳಿಯಲ್ಲಿ ಕುಳಿತ ಶಿಷ್ಯನು ಅವನ ಸೇವೆಯನ್ನೂ ಮಾಡುತ್ತಿದ್ದನು. ಹೀಗೆ ಮಾತಿಗೆ ಸೇವೆಯೆಂಬ ಅರ್ಥ ಸೇರಿತು. ಮುಂದೆ ಅದು ರೋಗಿಯ ಹಾಸಿಗೆಯ ಬಳಿಗೂ ಬಂದು ಕುಳಿತಿತು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಕಾಲುಗಳೆಂದು ಎಣಿಸುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೂ ನಾಲ್ಕು ಗುಣಗಳಿರಬೇಕಂತೆ: ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಅನುರಾಗ ಮತ್ತು ಶುಚಿತ್ವ. ಮೂರನೆಯ ಕಾಲನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ರೋಗಿ ಗುಣವಾದರೆ 'ಡಾಕ್ಟರ ಕೈಗುಣ' ಎನ್ನುತ್ತೇವೆ; ಆಗದಿದ್ದರೆ 'ಹಣೆಬರಹ' ಎನ್ನುತ್ತೇವೆ. ಇವೆರಡರ ನಡುವೆ ಹಗಲೂ ರಾತ್ರಿಯೂ ನಡೆದ ಕೆಲಸಕ್ಕೆ ಹೆಸರೇ ಇಲ್ಲ.

ನಾನು ವೈದ್ಯಶಾಸ್ತ್ರವನ್ನು ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುತ್ತಿರುವ ಆರ್ಟ್ಸ್ ವಿದ್ಯಾರ್ಥಿನಿ. ಆದರೂ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಏಕೆಂದರೆ ಕೆಲವು ಕಾಯಿಲೆಗಳಲ್ಲಿ ಆಸ್ಪತ್ರೆಯಲ್ಲಿ ಕಳೆಯುವುದು ವರ್ಷಕ್ಕೆ ನಾಲ್ಕು ದಿನ, ಮನೆಯಲ್ಲಿ ಕಳೆಯುವುದು ಉಳಿದ ಮುನ್ನೂರ ಅರವತ್ತೊಂದು ದಿನ. ಅಂಥ ಕಾಯಿಲೆಯಲ್ಲಿ ಪರಿಚಾರಕರಾಗುವವರು ಮನೆಯ ಸೊಸೆ, ಮಗಳು, ಮೊಮ್ಮಕ್ಕಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ನಮ್ಮ ಮೇಗುಂದ ಸೀಮೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ತೋಟಕ್ಕೊಂದು ಮನೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆಯಿದ್ದರೆ ಅದು ಪುಣ್ಯ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿತೆಂದರೆ ಮನೆಯವರೇ ನರ್ಸು, ಮನೆಯವರೇ ಕಾಂಪೌಂಡರು.

ನಾನು ಹೇಳಹೊರಟಿರುವುದು ನಿರ್ನಾಳ ಗ್ರಂಥಿಗಳ ಕಾಯಿಲೆಗಳ ಮಾತು: ಸಕ್ಕರೆ ಕಾಯಿಲೆ, ಥೈರಾಯ್ಡ್, ಮತ್ತು ಅದರ ಬೆನ್ನಿಗಂಟಿಕೊಂಡಿರುವ ಪ್ಯಾರಾಥೈರಾಯ್ಡ್. ಜ್ವರ ಬಂದರೆ ಮೈ ಸುಡುತ್ತದೆ. ಮೂಳೆ ಮುರಿದರೆ ಊತ ಕಾಣುತ್ತದೆ. ಈ ಗ್ರಂಥಿಗಳ ಕಾಯಿಲೆ ಹಾಗಲ್ಲ. ಅದು ಯಕ್ಷಗಾನದ ವೇಷಧಾರಿಯಂತೆ ಬಣ್ಣ ಹಚ್ಚಿಕೊಂಡು ಬರುತ್ತದೆ. ಅದು ಹಾಕುವ ವೇಷ ರೋಗಿಯ ಸ್ವಭಾವದ ವೇಷ. ಒಬ್ಬರು ಸೋಮಾರಿಯಂತೆ ಕಾಣುತ್ತಾರೆ, ಇನ್ನೊಬ್ಬರು ಕೋಪಿಷ್ಠರಂತೆ, ಮತ್ತೊಬ್ಬರು ಹಟಮಾರಿಯಂತೆ. ಮನೆಯವರು ಸ್ವಭಾವವನ್ನು ಬೈಯುತ್ತಾರೆ. ಕಾಯಿಲೆ ಚೌಕಿಯಲ್ಲಿ ಕುಳಿತು ನಗುತ್ತದೆ. ಇದನ್ನು ನಾನು ಕಲಿತದ್ದು ನಮ್ಮ ಅಜ್ಜಿಯಿಂದ.

ಅಜ್ಜಿಗೆ ಸಕ್ಕರೆ ಕಾಯಿಲೆ ಹದಿನೈದು ವರ್ಷಗಳಿಂದ ಇದೆ. ಮಲೆನಾಡಿನ ಮನೆಯಲ್ಲಿ ಈ ಕಾಯಿಲೆ ಇರುವುದೆಂದರೆ ನೆಂಟರೊಡನೆ ಜಗಳವಾಡಿದಂತೆಯೇ ಸರಿ. ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಪದ್ಧತಿ. ಹೋದಲ್ಲಿ ಅದನ್ನು ಬೇಡವೆನ್ನುವುದು ಅಮರ್ಯಾದೆ. ಕಡುಬಿಗೆ ಜೋನಿ ಬೆಲ್ಲ, ಹಲಸಿನ ಹಣ್ಣಿನ ಕಾಲದಲ್ಲಿ ಮೂರು ಹೊತ್ತೂ ಹಲಸು. 'ಒಂದು ತೊಳೆಯಿಂದ ಏನಾಗ್ತದೆ?' ಎಂಬ ಪ್ರಶ್ನೆಗೆ ಇಂದಿಗೂ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ ಪೇಟೆಯವರದು, ಕೂತು ತಿನ್ನುವವರದು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಈ ಕಾಯಿಲೆಯಿದೆಯೆಂದು ಅಂದಾಜು ಮಾಡಿತು. ಅದರಲ್ಲಿ ಹಳ್ಳಿಗಳ ಪಾಲೂ ಸಣ್ಣದಲ್ಲ.

ಅಜ್ಜಿಗೆ ಮಾತ್ರೆ ಸಾಲದೆ ಇನ್ಸುಲಿನ್ ಶುರುವಾದಾಗ ನಮಗೆ ಪಾಠ ಹೇಳಿದವರು ಆರೋಗ್ಯ ಕೇಂದ್ರದ ಸಿಸ್ಟರ್. ಅವರು ಬಯಲುಸೀಮೆಯ ಕಡೆಯವರು. ನಮ್ಮ ಮಳೆಯನ್ನು ದಿನವೂ ಬೈಯುತ್ತ, ಕೆಲಸವನ್ನು ಮಾತ್ರ ಒಂದು ದಿನವೂ ಬಿಡದವರು. ಅವರು ಕಲಿಸಿದ್ದನ್ನು ನಾನು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಅದರಲ್ಲಿ ಒಂದೆರಡನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.

ನಮ್ಮಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥವು. ಅದಕ್ಕೆ ಕೆಂಪು ಮುಚ್ಚಳದ, 40 ಎಂದು ಬರೆದ ಸಿರಿಂಜೇ ಬೇಕು. 100 ಯೂನಿಟ್‌ನ ಔಷಧಿಯೂ ಇದೆ, ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಒಂದರ ಔಷಧಿಯನ್ನು ಇನ್ನೊಂದರ ಸಿರಿಂಜಿನಲ್ಲಿ ಎಳೆದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಮಬ್ಬು ಬಣ್ಣದ ಔಷಧಿಯನ್ನು ಕುಲುಕಬಾರದು; ಎರಡು ಅಂಗೈಗಳ ನಡುವೆ ಇಟ್ಟು ಮೆಲ್ಲನೆ ಹೊರಳಿಸಬೇಕು. ಒಂದೇ ಜಾಗದಲ್ಲಿ ಚುಚ್ಚುತ್ತ ಹೋದರೆ ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರುವುದಿಲ್ಲ. ಆದ್ದರಿಂದ ಹೊಟ್ಟೆ, ತೊಡೆ ಎಂದು ಜಾಗ ಬದಲಿಸಬೇಕು. ಒಡೆಯದ ಸೀಸೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕು, ಆದರೆ ಮಂಜುಗಡ್ಡೆಯಾಗಬಾರದು. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ ಬರಿಯ ಬೀರುವಾದಾಗ, ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ ಅದರೊಳಗೆ ಚಿಕ್ಕ ಮಡಕೆಯನ್ನು ಹೂತು ಸೀಸೆಯನ್ನು ಅದರಲ್ಲಿಡುವ ಉಪಾಯವನ್ನೂ ಅವರೇ ಹೇಳಿದರು.

ಈ ಸೀಸೆಯ ಹಿಂದೆ ಒಂದು ಕಥೆಯಿದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಗಳ ಮೇದೋಜೀರಕ ಗ್ರಂಥಿಯ ರಸದ ಮೇಲೆ ಪ್ರಯೋಗ ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಹೆಚ್ಚು ಫಲ ಕಾಣಲಿಲ್ಲ; ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ರಸವನ್ನು ಶುದ್ಧಿಮಾಡಿ ಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಅದಕ್ಕೆ ಮೊದಲು ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆಯೆಂದರೆ ಹೆಚ್ಚುಕಡಿಮೆ ಉಪವಾಸ, ಆಮೇಲೆ ಮರಣ. ಕಂಡುಹಿಡಿದವರು ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಒಂದು ಡಾಲರಿನ ಹೆಸರಿಗೆ ಮಾತ್ರದ ಬೆಲೆಗೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ನಮಗೆ ಆ ತಾರೀಖು ಮಕ್ಕಳ ದಿನಾಚರಣೆ, ಜಗತ್ತಿಗೆ ಮಧುಮೇಹ ದಿನ.

ಉಪವಾಸದ ಮಾತು ಬಂದದ್ದರಿಂದ ಒಂದು ರಾತ್ರಿಯ ಸಂಗತಿಯನ್ನು ಹೇಳಲೇಬೇಕು. ಅಂದು ಆಷಾಢದ ಪ್ರಥಮೈಕಾದಶಿ. ಹೊರಗೆ ಮಳೆ ಹಿಡಿದ ಹಿಡಿತ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಎರಡು ದಿನವಾಗಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೆಳಗಿನ ತಿರುವಿನಲ್ಲಿ ಮರ ಬಿದ್ದಿದೆಯೆಂದು ಸಂಜೆಯೇ ಸುದ್ದಿ ಬಂದಿತ್ತು. ಉಪವಾಸ ಮಾಡಬಾರದೆಂದು ಡಾಕ್ಟರು ಹೇಳಿದ್ದರೂ ಅಜ್ಜಿ, "ಸುಮ್ನಿರೇ ಪುಟ್ಟಿ, ಏಕಾದಶಿ ಯಾರನ್ನೂ ಕೊಂದದ್ದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಊಟ ಬಿಟ್ಟವಳು ಸಂಜೆಯ ಇನ್ಸುಲಿನ್ನನ್ನು ಮಾತ್ರ ತಾನೇ ಚುಚ್ಚಿಕೊಂಡಿದ್ದಳು. ಔಷಧಿ ನಿಯಮ, ಉಪವಾಸವೂ ನಿಯಮ; ಎರಡನ್ನೂ ಬಿಡದ ನಿಷ್ಠೆ ಅವಳದು.

ರಾತ್ರಿ ಹತ್ತರ ಹೊತ್ತಿಗೆ ಅವಳು ಇದ್ದಕ್ಕಿದ್ದಂತೆ ಅಮ್ಮನ ಮೇಲೆ ರೇಗಿದಳು. ದೇವರ ಮುಂದಿನ ದೀಪ ಯಾರು ಆರಿಸಿದರು ಎಂದು ಪ್ರಶ್ನೆ. ದೀಪ ಉರಿಯುತ್ತಲೇ ಇತ್ತು. ನಲವತ್ತು ವರ್ಷದ ಹಿಂದಿನ ಯಾವುದೋ ಪಾಲು-ಪಟ್ಟಿಯ ಮಾತು ಎತ್ತಿ ಅತ್ತಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಅಜ್ಜಿಯ ಬಳಿ ಕುಳಿತು ಹೊದಿಕೆ ಸರಿಮಾಡಲು ಕುತ್ತಿಗೆಗೆ ಕೈ ಹಾಕಿದರೆ, ಆ ಚಳಿಯಲ್ಲಿ ಕುತ್ತಿಗೆ ಬೆವರಿನಿಂದ ಒದ್ದೆ! ಬೆರಳುಗಳು ನಡುಗುತ್ತಿದ್ದವು. 'ಸಿಟ್ಟು, ಬೆವರು, ನಡುಕ, ತಪ್ಪುತಪ್ಪು ಮಾತು — ಸಕ್ಕರೆ ಇಳಿದೈತಿ ಅಂತ ತಿಳಕೋ, ಬೈಯಾಕ ಹೋಗಬ್ಯಾಡ' ಎಂದು ಸಿಸ್ಟರ್ ಹೇಳಿದ್ದು ನೆನಪಾಯಿತು. ಬೆರಳಿಗೆ ಚುಚ್ಚಿ ಯಂತ್ರದಲ್ಲಿ ನೋಡಿದರೆ 46. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

ಹದಿನೈದು ವರ್ಷ ಶತ್ರುವೆಂದು ದೂರವಿಟ್ಟ ಬೆಲ್ಲವೇ ಆಗ ಮದ್ದು. ಅಮ್ಮ ಜೋನಿ ಬೆಲ್ಲವನ್ನು ನೀರಿನಲ್ಲಿ ಕದಡಿ ತಂದಳು. ಅಜ್ಜಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಏಕಾದಶಿಯೆಂಬುದೊಂದು ಮಾತ್ರ ಅವಳಿಗೆ ಮರೆತಿರಲಿಲ್ಲ. ಐದು ನಿಮಿಷದ ಹಿಂದೆ ಬೈಸಿಕೊಂಡ ಅಮ್ಮ ಆ ಲೋಟದಿಂದ ಪಂಚಪಾತ್ರೆಗೆ ಸ್ವಲ್ಪ ಸುರಿದು, ಉದ್ಧರಣೆಯನ್ನು ಹಿಡಿದು, "ಅತ್ತೆ, ತೀರ್ಥ ತಗೊಳ್ಳಿ" ಎಂದಳು. ತೀರ್ಥವೆಂದಕೂಡಲೆ ಅಜ್ಜಿಯ ಬಲಗೈ ತಾನಾಗಿ ಮುಂದೆ ಬಂತು. ಉದ್ಧರಣೆ ಉದ್ಧರಣೆಯಾಗಿ ಪಾತ್ರೆ ಖಾಲಿಯಾಯಿತು. ಆಮೇಲೆ ಲೋಟವೂ ಖಾಲಿಯಾಯಿತು. ಹದಿನೈದು ನಿಮಿಷ ಬಿಟ್ಟು ನೋಡಿದರೆ 78. ಬಾಳೆಹಣ್ಣು, ಹಾಲು ಕೊಟ್ಟೆವು. ಗಡಿಯಾರ ಹನ್ನೆರಡು ದಾಟಿದೊಡನೆ ದ್ವಾದಶಿ ಬಂತೆಂದು ಅಮ್ಮನೇ ತೀರ್ಪು ಕೊಟ್ಟು, ಪಂಚಾಂಗದ ತಕರಾರನ್ನು ಬದಿಗಿಟ್ಟು, ಗಂಜಿ ಕುಡಿಸಿದಳು. ಬೆಳಗಿನವರೆಗೆ ನಾವಿಬ್ಬರೂ ಸರದಿಯ ಮೇಲೆ ಎಚ್ಚರವಿದ್ದು ಮತ್ತೆ ಮತ್ತೆ ನೋಡಿದೆವು. ಅಜ್ಜಿ ಎದ್ದವಳೇ ಕಾಫಿ ಕೇಳಿದಳು. ರಾತ್ರಿಯ ಜಗಳ ಅವಳಿಗೆ ಒಂದಿಷ್ಟೂ ನೆನಪಿರಲಿಲ್ಲ.

ಅಮ್ಮ ಅಂದು ಮಾಡಿದ್ದು ಬರಿಯ ಉಪಾಯವೆಂದು ನನಗನಿಸುವುದಿಲ್ಲ. ಬೈಗುಳದ ಒಳಗೆ ಕಾಯಿಲೆಯ ದನಿಯನ್ನು ಕೇಳಿದ್ದು, ಹಟದ ಒಳಗೆ ನಂಬಿಕೆಯ ದನಿಯನ್ನು ಕೇಳಿದ್ದು. ಶುಶ್ರೂಷೆಯ ಧಾತ್ವರ್ಥ ಅದೇ. ಇಲ್ಲಿ ಒಂದು ಎಚ್ಚರಿಕೆ: ರೋಗಿಗೆ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ, ಹೇಗಾದರೂ ಆಸ್ಪತ್ರೆಗೆ ಸಾಗಿಸಬೇಕು.

ನಮ್ಮ ಚಿಕ್ಕಮ್ಮನ ಕಾಯಿಲೆ ಇದಕ್ಕೆ ವಿರುದ್ಧವಾದ ವೇಷದಲ್ಲಿ ಬಂತು. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಸಾರಿಸುತ್ತಿದ್ದವಳು ಎರಡು ವರ್ಷದಲ್ಲಿ ಮೆಲ್ಲಮೆಲ್ಲನೆ ನಿಧಾನವಾದಳು. ಮೈ ಊದಿತು, ಚರ್ಮ ಒರಟಾಯಿತು, ದನಿ ದಪ್ಪವಾಯಿತು, ಬೇಸಿಗೆಯಲ್ಲೂ ಕಂಬಳಿ ಬೇಕೆನ್ನುತ್ತಿದ್ದಳು. 'ಮೈಗಳ್ಳಿ' ಎಂಬ ಬಿರುದು ಬಂತು. ಅವಳೇ ಅದನ್ನು ನಂಬಿದ್ದು ಎಲ್ಲಕ್ಕಿಂತ ದುಃಖದ ಸಂಗತಿ. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿದೆಯೆಂದು ತಿಳಿಯಿತು. ಗ್ರಂಥಿ ಹೆಚ್ಚು ಕೆಲಸ ಮಾಡಿದರೆ ಇದೇ ಮನುಷ್ಯ ಬೇರೆ ವೇಷ ಹಾಕುತ್ತಾನೆ: ಎದೆ ಡವಡವ, ಕೈ ನಡುಕ, ನಿದ್ದೆಯಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ, ಮಾತುಮಾತಿಗೆ ಸಿಡುಕು.

ಚಿಕ್ಕಮ್ಮನ ಔಷಧಿ ಚಿಕ್ಕದು, ದಿನಕ್ಕೊಂದೇ ಮಾತ್ರೆ. ಆದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿಯನ್ನು ಮುಟ್ಟಬಾರದು. ಕಾಫಿ ಬೆಳೆಯುವ ನಾಡಿನಲ್ಲಿ ಇದಕ್ಕಿಂತ ಕಠಿಣವಾದ ಪಥ್ಯ ಯಾವ ಶಾಸ್ತ್ರದಲ್ಲೂ ಇರಲಾರದು! ಕಬ್ಬಿಣದ ಅಥವಾ ಸುಣ್ಣಾಂಶದ ಮಾತ್ರೆಗಳಿದ್ದರೆ ಅವಕ್ಕೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಈಗ ಮಾತ್ರೆಯ ಡಬ್ಬಿ ಬಚ್ಚಲೊಲೆಗೆ ಬೆಂಕಿ ಹಾಕುವ ಜಾಗದ ಮೇಲಿನ ಗೂಡಿನಿಂದ ತಣ್ಣನೆಯ ಕೋಣೆಗೆ ಬಂದಿದೆ. ನುಂಗಿ ಬಚ್ಚಲೊಲೆ ಉರಿಸಿ ನೀರು ಕಾಯಿಸುವಷ್ಟರಲ್ಲಿ ಹೊತ್ತು ಸರಿಯಾಗುತ್ತದೆ. ಮಾತ್ರೆ ಹಿಡಿದ ಮೇಲೆ ಕೆಲವು ತಿಂಗಳಲ್ಲಿ ಚಿಕ್ಕಮ್ಮ ಹಳೆಯ ಚಿಕ್ಕಮ್ಮನಾದಳು. ಬಿರುದು ಕೊಟ್ಟವರು ಮಾತ್ರ ಅದನ್ನು ಹಿಂದಕ್ಕೆ ತೆಗೆದುಕೊಂಡದ್ದು ನನಗೆ ಕೇಳಿಸಲಿಲ್ಲ.

ಈ ಗ್ರಂಥಿಗೆ ಅಯೋಡಿನ್ ಬೇಕು. ಮಳೆ ಹೆಚ್ಚಾದ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆ. ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಿಂದ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಇಂದು ಅಂಗಡಿಯಿಂದ ಮನೆಗೆ ಬರುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ 15 ಭಾಗವಾದರೂ ಅಯೋಡಿನ್ ಇರಬೇಕೆಂಬುದು ನಿಯಮ. ಆದರೆ ನಮ್ಮ ಅಡಿಗೆಮನೆಗಳಲ್ಲಿ ಉಪ್ಪು ಇರುವುದು ಒಲೆಯ ಪಕ್ಕದ ಮರಿಗೆಯಲ್ಲಿ, ಬಾಯಿ ತೆರೆದು. ಆಷಾಢದ ಶೀತಕ್ಕೆ ನೀರೊಡೆದು ಒಸರುತ್ತಾ. ಶೀತ, ಶಾಖ ಎರಡೂ ಅಯೋಡಿನ್ನಿಗೆ ಶತ್ರು. ಮುಚ್ಚಳವಿರುವ ಭರಣಿ, ಒಲೆಯಿಂದ ದೂರ: ಇಷ್ಟೇ ಸಾಕು. ಕಳಲೆಯಲ್ಲಿರುವ ಒಂದು ಅಂಶ ಅಯೋಡಿನ್ ಗ್ರಂಥಿಗೆ ಸೇರದಂತೆ ತಡೆಯುತ್ತದೆ. ಅದನ್ನು ಮೂರು ದಿನ ನೆನೆಹಾಕಿ ನೀರು ಬದಲಿಸುವ ನಮ್ಮ ಹಿರಿಯರ ಕ್ರಮ ಎಷ್ಟು ವಿವೇಕದ್ದೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಪ್ಯಾರಾಥೈರಾಯ್ಡ್. ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟಿರುವ ನಾಲ್ಕು ಗ್ರಂಥಿಗಳಿವು. ಮನುಷ್ಯನಲ್ಲಿ ಇವುಗಳನ್ನು ಗುರುತಿಸಿದವನು ಸ್ವೀಡನ್ನಿನ ಉಪ್ಸಾಲಾದ ಐವಾರ್ ಸ್ಯಾಂಡ್‌ಸ್ಟ್ರೋಮ್ ಎಂಬ ವೈದ್ಯವಿದ್ಯಾರ್ಥಿ. ಅವನ ಲೇಖನ ಹೊರಬಂದದ್ದು 1880ರಲ್ಲಿ. ರಕ್ತದಲ್ಲಿ ಸುಣ್ಣಾಂಶವನ್ನು ಹದದಲ್ಲಿಡುವುದು ಇವುಗಳ ಕೆಲಸ. ನೆರೆಮನೆಯ ಅಕ್ಕನಿಗೆ ಕುತ್ತಿಗೆಯ ಗಡ್ಡೆಗೆ ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾದಾಗ ನಾನು ಜೊತೆಗಿದ್ದೆ. ಅಲ್ಲಿನ ನರ್ಸು ಮಾಡುತ್ತಿದ್ದುದು ಮೊದಲು ನನಗೆ ಅರ್ಥವಾಗಲಿಲ್ಲ. ಬಂದಾಗಲೆಲ್ಲ "ನಿಮ್ಮ ಹೆಸರು ಹೇಳಿ" ಎನ್ನುವರು. ಹೆಸರು ಅವರಿಗೆ ಗೊತ್ತೇ ಇತ್ತು. ಕುತ್ತಿಗೆಯ ಮುಂದಿನ ಪಟ್ಟಿಯನ್ನು ನೋಡಿ, ಆಮೇಲೆ ಕೈಯನ್ನು ಕತ್ತಿನ ಹಿಂಭಾಗಕ್ಕೆ ತೂರಿಸುವರು. "ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆಯೆ?" ಎಂದು ಕೇಳುವರು. ಕೇಳಿದ್ದಕ್ಕೆ ಅವರು ವಿವರಿಸಿದರು: ದನಿಯ ನರಕ್ಕೆ ಪೆಟ್ಟಾಗಿದ್ದರೆ ದನಿ ಒಡೆಯುತ್ತದೆ, ಮಲಗಿದವರ ಗಾಯದ ರಕ್ತ ಮುಂದೆ ಕಾಣದೆ ಹಿಂದಕ್ಕೆ ಹರಿದು ನಿಲ್ಲುತ್ತದೆ, ಸಣ್ಣ ಗ್ರಂಥಿಗಳು ಮುಷ್ಕರ ಹೂಡಿದರೆ ಸುಣ್ಣಾಂಶ ಇಳಿದು ಮೊದಲು ಜುಮ್ಮೆನ್ನುತ್ತದೆ.

ಎರಡನೆಯ ರಾತ್ರಿ ಅಕ್ಕನ ಐದು ಬೆರಳುಗಳೂ ಒಟ್ಟಾಗಿ ಮೊಗ್ಗಿನಂತೆ ಮುದುಡಿಕೊಂಡವು. ಅವಳು ಭಯದಿಂದ ಕಿರುಚಿದಳು. ಅವಳ ಅತ್ತೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು. ನರ್ಸು ಓಡಿ ಬಂದು ಕೈ ನೋಡಿ, ಡಾಕ್ಟರನ್ನು ಕರೆಸಿ, ಸಿದ್ಧವಾಗಿಟ್ಟಿದ್ದ ಕ್ಯಾಲ್ಸಿಯಂ ತಂದರು. ಹೃದಯದ ಬಡಿತವನ್ನು ಗಮನಿಸುತ್ತ ಅದನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮೊಗ್ಗು ಅರಳಿತು. ಆ ನರ್ಸು ಎರಡು ದಿನವೂ ಕೇಳುತ್ತಿದ್ದ ಪ್ರಶ್ನೆ ಎಂಥ ಕಾವಲು ಎಂಬುದು ಆಗ ನನಗೆ ಗೊತ್ತಾಯಿತು.

ಕೊನೆಯದಾಗಿ ಪಾದಗಳ ಮಾತು. ಸಕ್ಕರೆ ಹೆಚ್ಚು ಕಾಲ ಏರಿದ್ದರೆ ಕಾಲಿನ ನರ ಮರಗಟ್ಟುತ್ತದೆ, ನೋವೆಂಬ ಕಾವಲುಗಾರ ನಿದ್ದೆಹೋಗುತ್ತಾನೆ. ನಮ್ಮ ಕಡೆ ತೋಟಕ್ಕೆ ಬರಿಗಾಲಿನಲ್ಲಿ ಹೋಗುವವರೇ ಹೆಚ್ಚು. ಮುಳ್ಳು ಚುಚ್ಚಿದರೂ ಇಂಬಳ ಹತ್ತಿದರೂ ಗೊತ್ತಾಗುವುದಿಲ್ಲ. ಬಚ್ಚಲೊಲೆಯ ಮುಂದೆ ಕಾಲು ಕಾಸುತ್ತ ಕುಳಿತರೆ ಸುಟ್ಟದ್ದೂ ತಿಳಿಯುವುದಿಲ್ಲ. ಅಜ್ಜಿಯ ಕಿರುಬೆರಳಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಗಾಯ ಕೀವಾಗಿದ್ದುದನ್ನು ಕಂಡವರು ಸಿಸ್ಟರ್. "ಅಜ್ಜಿ, ನಿಮ್ ಕಾಲು ತೋರಸ್ರಿ" ಎಂದಾಗ ಅಜ್ಜಿ, "ನನ್ನ ಕಾಲಿಗೆ ಏನೂ ಆಗಿಲ್ಲ ಮಾರಾಯ್ತಿ" ಎಂದೇ ವಾದಿಸಿದ್ದಳು. ಆ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಬೆರಳು ಉಳಿಯಿತು. ಹೊತ್ತಿಗೆ ಕಾಣದೆ ಮೊಣಕಾಲಿನವರೆಗೆ ಕಳೆದುಕೊಂಡವರು ನಮ್ಮ ಸೀಮೆಯಲ್ಲೇ ಇದ್ದಾರೆ.

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಪಾದ ನೋಡುವುದು ನನ್ನ ಕೆಲಸ. ಉಗುರು ಬೆಚ್ಚನೆಯ ನೀರು, ಅದರ ಬಿಸಿಯನ್ನು ನೋಡುವುದು ನನ್ನ ಮೊಣಕೈಯಿಂದ. ಬೆರಳ ಸಂದಿಯಲ್ಲಿ ತೇವವಿಲ್ಲದಂತೆ ಒರೆಸುವುದು. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಸಂದಿಗೆ ಎಣ್ಣೆಯಿಲ್ಲ. ಐದು ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ ಅಜ್ಜಿ ಹಳೆಯ ಕಥೆಗಳನ್ನು ಹೇಳುತ್ತಾಳೆ. ಕಥೆ ಸರಾಗವಾಗಿ ಸಾಗುತ್ತಿದೆಯೇ, ನಡುವೆ ತೊದಲುತ್ತಿದೆಯೇ ಎಂದು ನಾನು ಕೇಳುತ್ತಿರುತ್ತೇನೆ.

ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ರಜೆಗೆ ಊರಿಗೆ ಹೋದಾಗ ನಾವೆಲ್ಲ ಹಿರಿಯರ ಪಾದ ಮುಟ್ಟಿ ನಮಸ್ಕಾರ ಮಾಡುತ್ತೇವೆ. ನಾವು ಮುಟ್ಟುವುದು ಪಾದದ ಮೇಲ್ಭಾಗವನ್ನು. ಈ ಸಲ ನಮಸ್ಕಾರ ಮುಗಿದ ಮೇಲೆ ಒಂದು ಗಳಿಗೆ ಅಲ್ಲೇ ಕುಳಿತು, ಪಾದವನ್ನು ಮೆಲ್ಲನೆ ತಿರುಗಿಸಿ, ಅಂಗಾಲನ್ನೂ ಬೆರಳ ಸಂದಿಯನ್ನೂ ಬೆಳಕಿಗೆ ಹಿಡಿದು ನೋಡಿರಿ. ಆಶೀರ್ವಾದದ ಜೊತೆಗೆ ಅವರು ಇನ್ನೇನೋ ಹೇಳುತ್ತಿರಬಹುದು.